ಎತ್ತು ಏಳುವ ರೀತಿ

ವಡಗಾವಿಯ ರಾಜಬೀಗೆ ಗೆರೆ ಎಳೆಯಲು ಕಲಿಸಿದವನು ಅವಳ ಅಪ್ಪ. ಸೀರೆಯ ಅಂಚಿಗೆ ನವಿಲು, ಬಳ್ಳಿಗಳ ನಕ್ಷೆ ಬರೆದು ನೇಕಾರರಿಗೆ ಕೊಡುವುದು ಅವನ ಕಸಬು. ಪಕ್ಕದಲ್ಲಿ ಕೂತ ಮಗಳು ಆ ನವಿಲುಗಳಿಗೆ ಮುಂಡಾಸು ಸುತ್ತುತ್ತಿದ್ದಳು. ಮದುವೆಯಾದ ಮೇಲೂ ಚಟ ಬಿಡಲಿಲ್ಲ. ಗಂಡ ಮಜೀದ ಬೆಳಗಾವಿಯ ಒಂದು ಛಾಪಖಾನೆಯಲ್ಲಿ ಕೆಲಸಕ್ಕಿದ್ದ. ಅವನು ತರುತ್ತಿದ್ದ ರದ್ದಿ ಕಾಗದದ ಬೆನ್ನ ಮೇಲೆಲ್ಲ ಅವಳ ಚಿತ್ರಗಳೇ.

೧೯೨೬ರ ಬೇಸಿಗೆಯಲ್ಲಿ ಆ ಛಾಪಖಾನೆಯ ವಾರಪತ್ರಿಕೆಗೆ ನಗೆಚಿತ್ರ ಬರೆಯುತ್ತಿದ್ದವರು ಪುಣೆಗೆ ಹೊರಟುಹೋದರು. ಮಜೀದ ಧೈರ್ಯ ಮಾಡಿ ಹೆಂಡತಿಯ ಒಂದು ಚಿತ್ರವನ್ನು ಸಂಪಾದಕ ಬಾಳಕೃಷ್ಣರಾಯರ ಮುಂದಿಟ್ಟ. ನಡುರಸ್ತೆಯಲ್ಲಿ ಮಲಗಿದ್ದ, ಬದನೆಕಾಯಿ ತುಂಬಿದ ಬಂಡಿಯ ಎತ್ತುಗಳು ಮುಂಗಾಲೂರಿ ಎದ್ದಿವೆ. ಬಂಡಿ ಹಿಂದಕ್ಕೆ ವಾಲಿದೆ. ಹಿಂದಿನ ಮೋಟಾರಿನಲ್ಲಿದ್ದ ಸಾಹೇಬರ ಮೇಲೆ ಬದನೆಕಾಯಿಗಳ ಮಳೆ.

ರಾಯರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಯಾರು ತಗದದ್ದಪ್ಪಾ ಇದನ್ನ?"

"ನಮ್ಮ ಮನ್ಯಾಕಿರಿ."

"ಹೆಸರು ಹಾಕಬೇಕೋ ಬ್ಯಾಡೋ, ಆಕಿನ್ನ ಕೇಳಿ ಬಾ."

ರಾಜಬೀ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. "ಚಿತ್ರ ನಂದು. ಹೆಸರು ಮತ್ತ ಯಾರದ ಹಾಕ್ತಾರ?" ಎಂದಳು.

ಶನಿವಾರ ಚಿತ್ರ ಅಚ್ಚಾಯಿತು. ಮರುದಿನ ಗಂಡ ಹೆಂಡತಿ ಖಾನಾಪುರದಲ್ಲಿದ್ದ ಅವಳ ಅಕ್ಕನ ಮನೆಗೆ ಹೋಗಿ, ಮಧ್ಯಾಹ್ನದ ಗಾಡಿಗೆಂದು ಸ್ಟೇಷನ್ನಿಗೆ ಬಂದರು. ಅಲ್ಲಿ ಗುಮಾಸ್ತನೊಬ್ಬ ಅದೇ ಪತ್ರಿಕೆ ಬಿಚ್ಚಿ ಸುತ್ತಲಿನವರಿಗೆ ತೋರಿಸುತ್ತಿದ್ದ. ಒಬ್ಬೊಬ್ಬರಾಗಿ ನಗತೊಡಗಿದರು. ರಾಜಬೀ ನಿಂತು ನೋಡಿದಳು. ಅವಳ ಗುರುತೇ ಇಲ್ಲದ ಮಂದಿ ಅವಳ ಗೆರೆಗೆ ನಗುತ್ತಿದ್ದರು.

ಕಣಕುಂಬಿಯಿಂದ ಬಂಡಿ ಹೊಡೆದುಕೊಂಡು ಬಂದಿದ್ದ ಕಾಡವ್ವ ಎಂಬ ಮುದುಕಿಯೂ ಚಿತ್ರ ನೋಡಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ, "ನಗಿ ಬರತೈತಿ ಖರೇ. ಆದ್ರ ಇದನ್ನ ತಗದಾಂವ ಎತ್ತು ನೋಡಿಲ್ಲ ಬಿಡ್ರಿ" ಎಂದಳು.

ರಾಜಬೀ ಮುಂದೆ ಬಂದಳು. "ಆಯಿ, ತಗದಾಕಿ ನಾನು. ಏನ ತಪ್ಪಾಗೇತಿ?"

ಕಾಡವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನ? ಬಾ ನನ್ನ ಜೋಡಿ."

ಸ್ಟೇಷನ್ನಿನ ಹೊರಗೆ ಮರದ ಕೆಳಗೆ ಅವಳ ಎರಡೂ ಎತ್ತು ಮಲಗಿ ಮೆಲುಕು ಹಾಕುತ್ತಿದ್ದವು. ಕಾಡವ್ವ ಒಂದರ ಬೆನ್ನು ತಟ್ಟಿದಳು. ಎತ್ತು ಮೊದಲು ಹಿಂಗಾಲು ಎತ್ತಿತು. ಮುಂದೆ ಇನ್ನೂ ಮೊಣಕಾಲೂರಿ, ಹಿಂಭಾಗ ಆಕಾಶಕ್ಕೆ ಮಾಡಿ ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಪೂರ್ತಿ ಎದ್ದಿತು.

"ನೋಡಿದೇನ? ಮುಂಗಾಲೂರಿ ಏಳೂದು ಕುದರಿ."

ಪೇಟೆಯಲ್ಲಿ ಬೆಳೆದ ರಾಜಬೀ ದಿನವೂ ಕಂಡದ್ದು ಟಾಂಗಾದ ಕುದುರೆಯನ್ನೇ. ಅವಳಿಗೆ ನಾಚಿಕೆಯಾಗಲಿಲ್ಲ. ಖುಷಿಯಾಯಿತು. ಎತ್ತು ಹೀಗೆ ಎದ್ದರೆ ಬಂಡಿಯವನು ಹಿಂದಕ್ಕಲ್ಲ, ಮುಂದಕ್ಕೆ ಜಾರುತ್ತಾನೆ. ಮೋಟಾರನ್ನು ಹಿಂದಿನಿಂದ ಎದುರಿಗೆ ತಂದರೆ, ಎತ್ತಿನ ಕೊರಳ ಮೇಲಿಂದ ಜಾರಿ ಸಾಹೇಬರ ತೊಡೆಯ ಮೇಲೆ ಹೋಗಿ ಕೂರುತ್ತಾನೆ!

"ಆಯಿ, ಆ ಇನ್ನೊಂದನ್ನೂ ಏಳಸ್ರಿ. ಸಾವಕಾಶ."

ಅವಳು ಚೀಲದಲ್ಲಿದ್ದ ತನ್ನ ಪತ್ರಿಕೆಯನ್ನು ತೆಗೆದು ಅದರ ಅಂಚಿನಲ್ಲೇ ಸೀಸಕಡ್ಡಿ ಓಡಿಸತೊಡಗಿದಳು. ಗಾಡಿ ಬಂತು. ಮಜೀದ ಎರಡು ಸಲ ಕೂಗಿ ಕರೆದ, ಮೂರನೆಯ ಸಲ ಓಡಿಬಂದ. ಅಷ್ಟರಲ್ಲಿ ಗಾಡಿ ಸೀಟಿ ಹೊಡೆದು ಹೊರಟೇ ಹೋಯಿತು.

"ಇನ್ನ ಸಂಜೀತನಾ ಇಲ್ಲೇ ಕುಂದರಬೇಕು. ಏನ ನಡಸೀದಿ ನೀನು?"

ಅವಳು ಕಾಗದ ಎತ್ತಿ ತೋರಿಸಿದಳು. ಮಜೀದನ ಸಿಟ್ಟು ಅರ್ಧಕ್ಕೇ ನಿಂತಿತು. ನಗು ತಡೆಯಲಾರದೆ ಅವನು ಬಂಡಿಯ ಗಾಲಿಗೆ ಒರಗಿ ಕೂತುಬಿಟ್ಟ. ಕಾಡವ್ವ ಬುತ್ತಿ ಬಿಚ್ಚಿ ಇಬ್ಬರಿಗೂ ರೊಟ್ಟಿ ಚಟ್ನಿ ಕೊಟ್ಟಳು.

ಮುಂದಿನ ವಾರ ರಾಯರು ಆ ಚಿತ್ರಕ್ಕೆ ಅರ್ಧ ಪುಟವನ್ನೇ ಬಿಟ್ಟರು. ಅಂದಿನಿಂದ ರಾಜಬೀ ಹನ್ನೊಂದು ವರ್ಷ ಆ ಪತ್ರಿಕೆಗೆ ಬರೆದಳು. ನೋಡದೆ ಏನನ್ನೂ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದಳು. ರಾಯರು ಬಾತುಕೋಳಿಯ ಚಿತ್ರ ಕೇಳಿದಾಗ ಅನಗೋಳದ ಕೆರೆ ದಂಡೆಯಲ್ಲಿ ಮೂರು ದಿನ ಕೂತಳು.