ದಯವಿಟ್ಟು ಲೈನಿನಲ್ಲಿರಿ

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಊಟವಾದ ಮೇಲೆ ಅವನು ಕಂಪನಿಯಾಗುತ್ತಿದ್ದ.

ಕಂಪನಿ ಎಂದರೆ ಊಟದ ಮೇಜು, ಅದರ ಮೇಲೊಂದು ಹಳೆಯ ಮೊಬೈಲು, ಮೊಬೈಲಿನ ಪಕ್ಕದಲ್ಲಿ ಚಿಕ್ಕಮ್ಮ. ಹೋದ ವರ್ಷ ಯಾರಿಗೂ ಬೇಡವಾಗಿದ್ದ ಒಂದು ಪುಟ್ಟ ಮನೆಯನ್ನು ಕೊಂಡು, ಭಾನುವಾರಗಳಲ್ಲಿ ತಾನೇ ಸುಣ್ಣ ಬಳಿದು, ಕೊಂಚ ಲಾಭಕ್ಕೆ ಮಾರಿದ್ದ. ಲಾಭ ಕೈಗೆ ಬಂದದ್ದಕ್ಕಿಂತ ತಲೆಗೆ ಏರಿದ್ದೇ ಹೆಚ್ಚು. ಮನೆ ಕೊಂಡು ಮಾರುವವರಿಗಾಗಿ ನಡೆದ ಒಂದು ತರಬೇತಿಗೂ ಹೋಗಿ ಬಂದ. ಅಲ್ಲಿ ಟೈ ಕಟ್ಟಿದ ಒಬ್ಬಾತ ಹೇಳಿದ್ದರಲ್ಲಿ ಎರಡು ಮಾತು ಅವನ ಮನಸ್ಸಿನಲ್ಲಿ ಉಳಿದವು: ಜಾಹೀರಾತು ಚಿಕ್ಕದಿರಬೇಕು; ಫೋನು ಎತ್ತುವವನೂ ಬೆಲೆ ಮಾತಾಡುವವನೂ ಒಬ್ಬನೇ ಎಂಬುದು ಜನಕ್ಕೆ ಗೊತ್ತಾಗಬಾರದು.

ಜಾಹೀರಾತು ಚಿಕ್ಕದೇ ಆಯಿತು. 'ಮನೆ ಮಾರುತ್ತೀರಾ? ಇದ್ದದ್ದು ಇದ್ದ ಹಾಗೆ ಕೊಳ್ಳುತ್ತೇವೆ. ರಿಪೇರಿ ಬೇಡ, ದಲ್ಲಾಳಿ ಬೇಡ.' ಕೆಳಗೆ ಫೋನ್ ನಂಬರು. ಹಳದಿ ಕಾಗದದ ಮೇಲೆ ಅಚ್ಚು ಹಾಕಿಸಿ ದೀಪದ ಕಂಬಗಳಿಗೆ ಅಂಟಿಸಿದ. ಪುಕ್ಕಟೆ ಹಂಚುವ ವಾರಪತ್ರಿಕೆಯ ಕೊನೆಯ ಪುಟದಲ್ಲೂ ಹಾಕಿಸಿದ. ಅಲ್ಲಿ ಅದು ಕಳೆದುಹೋದ ಬೆಕ್ಕಿಗೂ ಕೂದಲು ಬೆಳೆಸುವ ಎಣ್ಣೆಗೂ ನಡುವೆ ಕೂತಿತು.

ಎರಡನೆಯ ಮಾತನ್ನು ಚಿಕ್ಕಮ್ಮ ನೋಡಿಕೊಂಡಳು. ಫೋನು ಬಂದರೆ ಎತ್ತಿ, "ನಮಸ್ಕಾರ, ದಯವಿಟ್ಟು ಲೈನಿನಲ್ಲಿರಿ, ಸೇಲ್ಸ್ ವಿಭಾಗಕ್ಕೆ ಕೊಡ್ತೀನಿ" ಎಂದು ರಾಗವಾಗಿ ಹೇಳಿ, ಅದನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳುವಳು. ಸ್ವಲ್ಪ ಹೊತ್ತಾದ ಮೇಲೆ ಸ್ಟೀಲ್ ಲೋಟಕ್ಕೆ ಚಮಚದಿಂದ ಟಿಂಗ್ ಎಂದು ಬಾರಿಸಿ ಮೇಜಿನ ಆಚೆ ಕೂತ ಅವನಿಗೆ ದಾಟಿಸುವಳು. ಚಮಚ ಅವಳದೇ ಆವಿಷ್ಕಾರ. "ದೊಡ್ಡ ಆಫೀಸು ಅಂದ್ಮೇಲೆ ಕಾಯಿಸಬೇಕು ಕಣೋ. ತಕ್ಷಣ ಸಿಕ್ಕಿದ್ರೆ ಮರ್ಯಾದೆ ಕೊಡಲ್ಲ."

ಬಂದ ಕರೆಗಳೋ, ಹೇಳಿ ಸುಖವಿಲ್ಲ. ಒಬ್ಬ ಫ್ರಿಜ್ ಕೊಳ್ಳುತ್ತೀರಾ ಎಂದ. ಒಬ್ಬಾಕೆ, "ಇದ್ದದ್ದು ಇದ್ದ ಹಾಗೆ ಅಂತ ಹಾಕಿದೀರಲ್ಲ, ಗಂಡನ ಸಮೇತ ತಗೋತೀರಾ?" ಎಂದು ಕೇಳಿದಳು. ಚಿಕ್ಕಮ್ಮ ಒಂದಿಷ್ಟೂ ಅಳುಕದೆ, "ಅದು ಲೀಗಲ್ ವಿಭಾಗದ್ದು ತಾಯಿ, ಲೈನಿನಲ್ಲಿರಿ" ಎಂದು ಫೋನನ್ನು ಅವನ ಹೆಂಡತಿಯ ಕೈಗೆ ಕೊಟ್ಟಳು. ಅವಳು ಸೊಪ್ಪು ಬಿಡಿಸುತ್ತಲೇ ಆಕೆಯ ಕಷ್ಟವನ್ನೆಲ್ಲ ಕೇಳಿ, ಕೊನೆಗೆ ತನ್ನದನ್ನೂ ಹೇಳಿಕೊಂಡಳು.

ಹಾಗಿರುವಾಗ ಒಂದು ಮಧ್ಯಾಹ್ನ ಟಿಂಗ್ ಆಗಿ ಫೋನು ಅವನ ಕಿವಿಗೆ ಬಂದಾಗ ಮೊದಲು ಕೇಳಿಸಿದ್ದು ಕೆಮ್ಮು. ಮಾತಿಗೆ ಮುಂಚೆ ಬಾಗಿಲು ತಟ್ಟಿದ ಹಾಗೆ ಎರಡು ಸಲ ಕೆಮ್ಮುವವನು ಅವನಿಗೆ ಗೊತ್ತಿದ್ದ ಮಟ್ಟಿಗೆ ಒಬ್ಬನೇ: ಅವರಿದ್ದ ಬಾಡಿಗೆ ಮನೆಯ ಮಾಲೀಕ.

"ನಂದೊಂದು ಮನೆ ಇದೆ. ಕೊಟ್ಟುಬಿಡೋಣ ಅಂತ," ಎಂದ ಮಾಲೀಕ.

ಮಾಲೀಕ ಬಾಡಿಗೆಗೆ ಕೊಟ್ಟದ್ದು ಇದೊಂದೇ ಮನೆಯನ್ನು. ಮನೆ ಬೇರೆಯವರ ಪಾಲಾದರೆ ತಾವು ಖಾಲಿ ಮಾಡಬೇಕು. ತನಗೂ ಹೆಂಡತಿಗೂ ಎಲ್ಲಾದರೂ ಆದೀತು. ಚಿಕ್ಕಮ್ಮನ ಪಾಡೇನು? ಅವಳ ಕಣ್ಣಿಗೆ ಈಗ ಬೆಳಕು ಯಾವುದು, ಕತ್ತಲು ಯಾವುದು ಎಂಬಷ್ಟೇ ತಿಳಿಯುತ್ತಿತ್ತು. ಅಂಗಡಿಯ ಯಾವ ಗಾಜೂ ಇನ್ನು ಅವಳ ಕೆಲಸಕ್ಕೆ ಬರುವುದಿಲ್ಲವೆಂದು ಮೊದಲು ಗೊತ್ತಾದದ್ದೂ ಅವನಿಗೇ. ಈ ಮನೆಯನ್ನು ಅವಳು ಅಂಗೈಯಿಂದ ಕಲಿತಿದ್ದಳು. ಗೋಡೆ ಸವರುತ್ತ ಒಬ್ಬಳೇ ಓಡಾಡುವಳು. ಹೊಸ ಮನೆ ಎಂದರೆ ಮತ್ತೆ ಮೊದಲಿನಿಂದ. ಹಿಂದಿನ ಸಲ ಆ ಕಲಿಕೆಯಲ್ಲಿ ಅವಳ ಮಣಿಕಟ್ಟು ಮುರಿದಿತ್ತು.

ತಾನೇ ಕೊಳ್ಳುವೆನೆಂದು ಅವನು ಹಿಂದೊಮ್ಮೆ ಮಾಲೀಕನನ್ನು ಕೇಳಿದ್ದೂ ಉಂಟು. "ಒಳಗಿರೋನಿಗೆ ಮಾರ್ತಾರೇನ್ರೀ? ಒಂದೊಂದು ಬಿರುಕಿಗೂ ಲೆಕ್ಕ ಕೇಳ್ತೀರಿ" ಎಂದು ಆತ ಅಲ್ಲಿಗೇ ಮುಗಿಸಿದ್ದ.

ಈಗ ಅವನು ದನಿಯನ್ನು ಹೊಟ್ಟೆಯಿಂದೆತ್ತಿ, "ಹೇಳಿ ಸರ್, ಮನೆ ಹೇಗಿದೆ?" ಎಂದ. ಮಾಲೀಕನಿಗೆ ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ದೂರು ಹೇಳುವ ದನಿಯಲ್ಲದೆ ಅವನ ಬೇರೆ ದನಿಯನ್ನು ಮಾಲೀಕ ಕೇಳಿಯೇ ಇರಲಿಲ್ಲ.

"ಇದ್ದ ಹಾಗೇ ತಗೋತೀರಲ್ವಾ? ಹಾಗಾದ್ರೆ ಮುಚ್ಚಿಡೋದ್ಯಾಕೆ. ಒಳಗಿನ ಗೋಡೆ ಪೂರ್ತಿ ತೇವ. ಪೈಪು ಒಳಗೇ ಕೊಳೆತಿದೆ."

ಆ ಗೋಡೆಯ ವಿಷಯವನ್ನು ಅವನು ಎಷ್ಟು ಸಲ ಹೇಳಿದ್ದನೋ. ನೀವು ಅನ್ನಕ್ಕೆ ನೀರು ಜಾಸ್ತಿ ಇಡುತ್ತೀರಿ, ಆ ಹಬೆಗೇ ಹೀಗಾಗಿದೆ ಎಂದು ಇದೇ ಮಾಲೀಕ ಸಾಧಿಸಿದ್ದ.

"ಬಾಡಿಗೆಯವರು ಹೇಗೆ?" ಎಂದು ಅವನು ಕೇಳಬಾರದಿತ್ತು. ಕೇಳಿದ.

"ಗಂಡಸು ಪಾಪ, ಒಳ್ಳೆಯವನು, ಆದರೆ ಕೊರೆಯುತ್ತಾನೆ. ಅವನ ಗೋಡೆ ಪುರಾಣ ಕೇಳಲಾರದೇ ನಾನು ಮಾರ್ತಿರೋದು. ಒಳಗೊಬ್ಬಳು ಮುದುಕಿ ಇದ್ದಾಳೆ. ನನ್ನ ದನಿ ಕೇಳಿದ್ರೆ ಸಾಕು, ದಬಾರಂತ ಬಾಗಿಲು ಹಾಕ್ತಾಳೆ."

ಕೇಳಿದ ಬೆಲೆ ಮಾತ್ರ ನ್ಯಾಯವಾಗಿತ್ತು. ಅವನು ಖುಷಿಗೋ ಗಾಬರಿಗೋ, ತರಬೇತಿಯಲ್ಲಿ ಉರು ಹೊಡೆಸಿದ್ದ ಮಾತನ್ನೇ ಒಪ್ಪಿಸಿಬಿಟ್ಟ: "ಶನಿವಾರ ಸಂಜೆ ನಮ್ಮವರು ಬಂದು ಮನೆ ನೋಡ್ತಾರೆ ಸರ್."

ಫೋನಿಟ್ಟ ಮೇಲೆ ಹೆಂಡತಿ ಕೇಳಿದಳು: "ನಮ್ಮನೆಗೆ ನಾವೇ ಬರ್ತೀವಿ ಅಂದ್ರಾ?"

"ಬಾಯಿಗೆ ಬಂದುಬಿಡ್ತು."

"ಬರೋರಿಗೆ ಕಾಫಿ ಯಾರು ಮಾಡೋದು? ಬಂದೋರೇನಾ?"

ಮಾರನೆಯ ಬೆಳಿಗ್ಗೆ ಮಾಲೀಕ ಖುದ್ದಾಗಿ ಬಂದು, ದೊಡ್ಡ ಕಂಪನಿಯವರು ಮನೆ ನೋಡಲು ಬರುತ್ತಾರೆ, ಗುಡಿಸಿ ಒರೆಸಿ ಇಟ್ಟಿರಿ, ಗೋಡೆಯ ವಿಷಯ ಬಾಯಿ ಬಿಡಬೇಡಿ ಎಂದು ತಾಕೀತು ಮಾಡಿದ.

"ಗೋಡೆಗೇನಾಗಿದೆ? ಹಬೆ ತಾನೇ," ಎಂದ ಅವನು.

"ಹಬೆಯೇ," ಎಂದು ಮಾಲೀಕ ಮುಖ ತಿರುಗಿಸಿದ.

ಶನಿವಾರ ಮಾಲೀಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊತ್ತಿಗೆ ಮುಂಚೆಯೇ ಬಂದು ಮುಂಗೋಣೆಯಲ್ಲಿ ಕೂತ. ಆ ಕಂಪನಿ ತಾನೇ ಎಂದು ಎಲ್ಲವನ್ನೂ ಬಾಯಿಬಿಟ್ಟು ಹೇಳಿಬಿಡಬೇಕೆಂದು ಅವನು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದ. ಎದುರಿಗೆ ಕೂತಾಗ ಗಂಟಲಿನಿಂದ ಹೊರಟದ್ದು "ಸೆಕೆ ಜಾಸ್ತಿ" ಎಂಬುದೊಂದೇ. ಮಾಲೀಕ ಗಡಿಯಾರ ನೋಡಿದ, ಬೀದಿ ನೋಡಿದ, ಕೊನೆಗೆ ಜೇಬಿನಿಂದ ಫೋನು ತೆಗೆದು ಹಳದಿ ಕಾಗದ ನೋಡಿ ನಂಬರು ಒತ್ತಿದ.

ಊಟದ ಮೇಜಿನ ಮೇಲೆ ಹಳೆಯ ಮೊಬೈಲು ಬಡಿದುಕೊಂಡಿತು. ಅವನು ಎದ್ದು ಓಡುವಷ್ಟರಲ್ಲಿ ಚಿಕ್ಕಮ್ಮನ ಕೈ ಅಭ್ಯಾಸಬಲದಿಂದ ಅದನ್ನು ಎತ್ತಿ ಆಗಿತ್ತು.

"ನಮಸ್ಕಾರ, ದಯವಿಟ್ಟು ಲೈನಿನಲ್ಲಿರಿ, ಸೇಲ್ಸ್ ವಿಭಾಗಕ್ಕೆ ಕೊಡ್ತೀನಿ."

ಮಾಲೀಕನಿಗೆ ಅದು ಒಂದು ಕಿವಿಯಲ್ಲಿ ಫೋನಿನಿಂದಲೂ ಇನ್ನೊಂದರಲ್ಲಿ ಅಡುಗೆಮನೆಯ ಕಡೆಯಿಂದಲೂ ಕೇಳಿಸಿತು. ಟಿಂಗ್ ಕೂಡ.

ಆತ ನಿಧಾನವಾಗಿ ಫೋನು ಇಳಿಸಿದ. ಮುಖ ಕೆಂಪಾಯಿತು, ಆದರೆ ಅದು ಬರಿ ಸಿಟ್ಟಲ್ಲ. ಗೋಡೆಯ ನಿಜವನ್ನು ಯಾರಿಗೆ ಹೇಳಬಾರದೆಂದು ಇಷ್ಟು ವರ್ಷ ಹಬೆಯ ಕಥೆ ಕಟ್ಟಿದ್ದನೋ ಅವನಿಗೇ ಹೇಳಿಕೊಂಡಾಗಿತ್ತು.

"ಕೊರೆಯುತ್ತಾನೆ ಅಂದೆ, ಅಲ್ವಾ?" ಎಂದ ಕೊನೆಗೆ.

"ಪಾಪ, ಒಳ್ಳೆಯವನು ಅಂತಲೂ ಅಂದ್ರಿ."

ಬೆಲೆಯ ಮಾತು ಎತ್ತಲು ಇಬ್ಬರಿಗೂ ಬಾಯಿ ಬರಲಿಲ್ಲ. ಮುಖಾಮುಖಿ ಜಗಳವಾಡಿಯೇ ಗೊತ್ತಿದ್ದವರು ಮುಖಾಮುಖಿ ವ್ಯಾಪಾರ ಮಾಡುವುದು ಹೇಗೆ?

ಮಾಲೀಕ ಎದ್ದ. ಹೊರಟೇ ಹೋದ ಎಂದುಕೊಂಡ ಅವನು. ಆದರೆ ಚಪ್ಪಲಿಯ ಸದ್ದು ಮೆಟ್ಟಿಲಿನಲ್ಲೇ ನಿಂತಿತು. ಕಿಟಕಿಯಿಂದ ನೋಡಿದರೆ ಮಾಲೀಕ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತು ಮತ್ತೆ ನಂಬರು ಒತ್ತುತ್ತಿದ್ದ.

ಮೊಬೈಲು ಹೊಡೆದುಕೊಂಡಿತು. "ಎತ್ತಲಾ?" ಎಂದಳು ಚಿಕ್ಕಮ್ಮ.

"ಎತ್ತು. ಜಾಸ್ತಿ ಕಾಯಿಸಬೇಡ."

ಅವಳು ಸ್ವಲ್ಪವೂ ಕಡಿಮೆ ಮಾಡದೆ ಕಾಯಿಸಿ ಟಿಂಗ್ ಅನ್ನಿಸಿದಳು.

ಹೊರಗೆ ಎರಡು ಸಲ ಕೆಮ್ಮು. "ಮನೆ ಹೇಗಿತ್ತು? ನಿಮ್ಮವರು ನೋಡಿದ್ರಾ?"

"ನೋಡಿದ್ರು ಸರ್," ಎಂದಿತು ಸೇಲ್ಸ್ ವಿಭಾಗ. "ಇದ್ದದ್ದು ಇದ್ದ ಹಾಗೆ ತಗೋತಾರೆ. ಮೊನ್ನೆ ಹೇಳಿದ ಬೆಲೆಗೇ."

ನಡುವೆ ಒಂದು ಗೋಡೆ, ಎರಡು ಫೋನು.

"ಆಗಲಿ," ಎಂದ ಮಾಲೀಕ. "ಆ ಬಾಡಿಗೆಯವನಿಗೆ ಒಂದು ಮಾತು ತಿಳಿಸಿಬಿಡಿ. ಅದು ಅನ್ನದ ಹಬೆ ಅಲ್ಲ ಅಂತ."

"ತಿಳಿಸ್ತೀನಿ ಸರ್."

ಆತ ಬೀದಿಯ ತಿರುವು ದಾಟಿದ. ಆಮೇಲೆ ಅವನಿಗೆ ಎಲ್ಲಿಲ್ಲದ ಉಮೇದು ಬಂತು. ನಾಳೆಯೇ ಪೈಪು ಬದಲಾಯಿಸಿ, ಗೋಡೆ ಕೆತ್ತಿಸಿ ಒಣಗಿಸಿ, ಗಾಜಿನ ಹಾಗೆ ನುಣ್ಣಗೆ ಗಾರೆ ಮಾಡಿಸುತ್ತೇನೆ ಎಂದು ಕುಣಿದ.

ಚಿಕ್ಕಮ್ಮ ಎದ್ದು, ಎಂದಿನಂತೆ ಗೋಡೆ ಸವರಿಕೊಂಡು ಹೊರಟಿದ್ದವಳು ಅಲ್ಲೇ ನಿಂತಳು.

"ಆ ಗೋಡೆ ಮುಟ್ಟಿದ್ರೆ ನೋಡು ಮತ್ತೆ. ಕೈಗೆ ತಣ್ಣಗಾದ ಕಡೆ ಬಲಕ್ಕೆ ತಿರುಗಿದ್ರೆ ಬಚ್ಚಲು. ಒಣಗಿಸಿಬಿಟ್ರೆ ನಾನು ಎಲ್ಲಿಗೆ ಹೋಗಿ ನಿಲ್ಲಲಿ, ನಿನ್ನ ಸೇಲ್ಸ್ ವಿಭಾಗಕ್ಕಾ?"

ಹೆಂಡತಿ ಅವನನ್ನು ನೋಡಿದಳು. ಅವನು ಗೋಡೆಯನ್ನು ನೋಡಿದ. ಅಷ್ಟು ವರ್ಷ ದೂರಿ ದೂರಿ ಕೊನೆಗೆ ಹಣ ಕೊಟ್ಟು ಕೊಂಡ ತೇವ. ಚಿಕ್ಕಮ್ಮನ ಅಂಗೈ ಅದರ ಮೇಲೆ ಸರಿದು, ತಣ್ಣಗಾದ ಕಡೆ ತಡೆದು, ಬಲಕ್ಕೆ ತಿರುಗಿತು.