ಮೂವತ್ತೊಂದು ಇಂಚು

ಮೂರನೇ ಸಲ ಸೋಪು ಹಚ್ಚಿ ಉಜ್ಜಿದರೂ ತೀರಿಕೊಂಡ ಅಣ್ಣನ ನಡುಬೆರಳಿನ ಶಾಯಿ ಹೋಗದಿದ್ದಾಗ ಅತ್ತೆ ಒದ್ದೆ ಬಟ್ಟೆಯನ್ನು ಬೋಗುಣಿಗೆ ಹಾಕಿ ಸುಮ್ಮನೆ ಕೂತುಬಿಟ್ಟರು.

“ಪರೀಕ್ಷೆ ಮುಗಿದು ಎರಡು ತಿಂಗಳಾಯ್ತು. ಇದೆಲ್ಲಿಂದ ಬಂತು ಅತ್ತಿಗೆ, ಇಷ್ಟು ಶಾಯಿ?”

“ಮೊನ್ನೆ ಸಾಯಂಕಾಲದ ತನಕ ಲೆಕ್ಕ ಮಾಡ್ತಾನೇ ಇದ್ರು,” ಅಂದರು ಅಮ್ಮ, ಗಂಡನ ಕೋಟಿನ ಗುಂಡಿ ಹಾಕುತ್ತಾ. “ಬಿಡು. ಇದ್ದ ಹಾಗೇ ಇರಲಿ.”

“ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮಣ್ಣನ ಕೈ ಕೆಸರಾಗಿದ್ದಷ್ಟೇ ಬಂತು.” ಅತ್ತೆಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಮಗಳು ಅಪ್ಪನ ಕಾಲುಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ತೀರಿಕೊಂಡವರು ಶಾಲೆಯಲ್ಲಿ ಗಂಟೆ ಬಾರಿಸುವ ಜವಾನರಾಗಿದ್ದವರು. ಮಕ್ಕಳು ಗಂಟೆ ಮೇಷ್ಟ್ರು ಅನ್ನುತ್ತಿದ್ದವು, ಮೊದಲು ತಮಾಷೆಗೆ, ಆಮೇಲೆ ರೂಢಿಯಾಗಿ. ಏಳನೇ ಕ್ಲಾಸಿಗೇ ಓದು ಬಿಟ್ಟ ಈ ಮನುಷ್ಯ ನಲವತ್ತನಾಲ್ಕನೇ ವಯಸ್ಸಿನಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತರು. ಉಳಿದ ವಿಷಯಗಳು ಒಂದೊಂದಾಗಿ ಪಾಸಾದವು, ಗಣಿತ ಮಾತ್ರ ಕಬ್ಬಿಣದ ಕಡಲೆಯಾಗಿಯೇ ಉಳಿಯಿತು. ಕೆಲಸದಿಂದ ನಿವೃತ್ತರಾದರು, ಗಣಿತದಿಂದ ಆಗಲಿಲ್ಲ. ನಡುವೆ ಕೆಲವು ವರ್ಷ ತಪ್ಪಿದರೂ ಬಿಡಲಿಲ್ಲ; ಅರವತ್ತೆಂಟನೇ ವಯಸ್ಸಿನ ಈ ಸಲದ್ದು ಹದಿನಾಲ್ಕನೇ ದಂಡಯಾತ್ರೆ. ಅದರ ಫಲಿತಾಂಶ ಇವತ್ತು ಹನ್ನೊಂದು ಗಂಟೆಗೆ, ಚರ್ಚಿನಲ್ಲಿ ಪ್ರಾರ್ಥನೆಯೂ ಹನ್ನೊಂದಕ್ಕೇ. ಯಾರೂ ಬೇಕೆಂದು ಮಾಡಿದ್ದಲ್ಲ, ಹಾಗೆ ಕೂಡಿಬಂದಿತ್ತು.

ಪ್ರಾರ್ಥನೆಯಲ್ಲಿ ಅಪ್ಪನ ಬಗ್ಗೆ ನಾಲ್ಕು ಮಾತಾಡಬೇಕಾದವಳು ಮಗಳು. ಓದಿದಷ್ಟು ದಿನವೂ ಕ್ಲಾಸಿಗೆ ಮೊದಲಿಗಳು, ಈಗ ದೊಡ್ಡ ಆಸ್ಪತ್ರೆಯಲ್ಲಿ ಔಷಧಿ ವಿಭಾಗ ನೋಡಿಕೊಳ್ಳುತ್ತಾಳೆ. ಅಪ್ಪನ ಪೆಟ್ಟಿಗೆಯ ಪಕ್ಕ ನಿಂತು, ಹದಿನಾಲ್ಕನೇ ಸಲವೂ ಫೇಲು ಅಂತ ಹೇಳಬೇಕಾಗಿ ಬಂದರೆ ಏನು ಗತಿ ಎಂಬುದೊಂದೇ ಅವಳ ಭಯ. ಕಾಫಿ ಕುಡಿಯುತ್ತಾ ಅಂಗಳದಲ್ಲಿ ನಿಂತವರು ಆಗಲೇ ಕೇಳಿದ್ದರು: “ರಿಸಲ್ಟು ಇವತ್ತೇ ಅಲ್ವಾ?” ಹಾಗೆ ಕೇಳುವಾಗ ಒಬ್ಬಿಬ್ಬರ ತುಟಿಯಂಚಿನಲ್ಲಿ ನಗು ಇತ್ತು. ಅವಳು ಅದನ್ನು ನೋಡಿದ್ದಳು.

* * *

ಮೊದಲನೇ ಸಲ ಅಪ್ಪ ಮತ್ತು ಮಗಳು ಒಂದೇ ಕೋಣೆಯಲ್ಲಿ ಪರೀಕ್ಷೆ ಬರೆದಿದ್ದರು. ಅವಳಿಗೆ ಆಗ ಹದಿನಾರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಅವಳ ಹಿಂದಿನ ಬೆಂಚಿನಲ್ಲಿ ಕೂತರು. ಮಕ್ಕಳ ಬೆಂಚು, ಮೊಣಕಾಲು ಹಲಗೆಗೆ ತಾಗಿ ಸದ್ದಾಯಿತು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೊರಗೆ ಬೇರೆ ಯಾರೋ ಗಂಟೆ ಬಾರಿಸಿದಾಗ ಅಪ್ಪ ಮೆಲ್ಲಗೆ, “ಒಂದೇಟು ಕಮ್ಮಿ ಹೊಡೆದ,” ಅಂದದ್ದು ಬೇರೆ ಎಲ್ಲರಿಗೂ ಕೇಳಿಸಿತು.

ಗಣಿತದ ದಿನ ಅವಳು ಅರ್ಧ ಗಂಟೆ ಮೊದಲೇ ಮುಗಿಸಿದಳು. ಹಿಂದೆ ಅಪ್ಪನ ಪೆನ್ನಿನ ಸದ್ದು ನಿಂತು ಬಹಳ ಹೊತ್ತಾಗಿತ್ತು. ಮೇಲ್ವಿಚಾರಕರು ಕಿಟಕಿಯ ಬಳಿ ಇದ್ದರು. ಅವಳು ತನ್ನ ಉತ್ತರ ಪತ್ರಿಕೆಯನ್ನು ಬಲಗಡೆಯ ಅಂಚಿಗೆ ಸರಿಸಿ, ತಾನು ಎಡಕ್ಕೆ ವಾಲಿ ಕೂತಳು. ಪೂರಾ ಪುಟ ಕಾಣುವ ಹಾಗೆ.

ಕೊನೆಯ ಗಂಟೆಯಾಗುವ ತನಕ ಹಿಂದಿನಿಂದ ಪೆನ್ನಿನ ಸದ್ದು ಬರಲೇ ಇಲ್ಲ. ತಿರುಗಿ ನೋಡಿದರೆ ಅಪ್ಪ ಗಲ್ಲಕ್ಕೆ ಕೈ ಕೊಟ್ಟು ಗೋಡೆ ನೋಡುತ್ತಾ ಕೂತಿದ್ದರು.

ಮನೆಗೆ ಬರುವಾಗ ಅವರು ಸೈಕಲ್ ತಳ್ಳುತ್ತಿದ್ದರು, ಅವಳು ಸೈಕಲ್ಲಿನ ಆಚೆ ಕಡೆ ನಡೆಯುತ್ತಿದ್ದಳು.

“ನೋಡಬಹುದಿತ್ತಲ್ಲ ಅಪ್ಪಾ?”

“ನೋಡ್ದೆ ಮಗಾ. ಅಕ್ಷರ ಮುತ್ತಿನ ಹಾಗಿತ್ತು. ಅದಕ್ಕೇ ಗೋಡೆ ಕಡೆ ತಿರುಗಿದೆ.”

“ನೀವು ಫೇಲಾದ್ರೆ ಎಲ್ರೂ ನಗ್ತಾರೆ.”

“ನಗ್ಲಿ ಬಿಡು, ನಗೋಕೆ ಕಾಸು ಕೊಡ್ಬೇಕಾ?” ಸ್ವಲ್ಪ ದೂರ ಹೋದ ಮೇಲೆ ಸೈಕಲ್ ನಿಲ್ಲಿಸಿದರು. “ನಾಳೆ ದೇವರ ಮುಂದೆ ನನ್ನ ಪೇಪರು ಬಿಚ್ಚಿಟ್ಟಾಗ ಅದರಲ್ಲಿ ನಿನ್ನ ಅಕ್ಷರ ಇದ್ರೆ ನಾನೇನಂತ ಹೇಳ್ಲಿ, ಹೇಳು?”

ಅವಳಿಗೆ ತೊಂಬತ್ತೆಂಟು ಬಂತು, ಅಪ್ಪನಿಗೆ ಹನ್ನೊಂದು. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಅವಳ ಎತ್ತರವನ್ನು ವರ್ಷವರ್ಷ ಗುರುತು ಹಾಕಿದ್ದ ಗೆರೆಗಳಿದ್ದವು. ಅಪ್ಪ ಹೊಲಿಗೆಯ ಟೇಪು ತಂದು ಚೌಕಟ್ಟಿನ ಇನ್ನೊಂದು ಬದಿಗೆ ಹಿಡಿದರು, ಒಂದು ಅಂಕಕ್ಕೆ ಒಂದು ಇಂಚು. ಅಮ್ಮ ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದಿದ್ದರು. ಗೆರೆ ಮೊಣಕಾಲಿಗಿಂತ ಕೆಳಗೆ ಬಿತ್ತು.

“ನಾನೂ ಬೆಳೀತೀನಿ,” ಅಂದರು. “ನಿನ್ನ ತೊಂಬತ್ತೆಂಟಕ್ಕೆ ಈ ಬಾಗಿಲು ಸಾಲಲ್ಲ, ಸೂರಿಗೆ ತೂತು ಹೊಡೀಬೇಕು. ಬಾ, ನನ್ನ ಗೆರೆ ನೀನು ಎಳಿ.”

ಅವಳು ಹೋಗಲಿಲ್ಲ. ಅವತ್ತೂ ಹೋಗಲಿಲ್ಲ, ಆಮೇಲಿನ ಹನ್ನೆರಡು ಸಲವೂ ಹೋಗಲಿಲ್ಲ.

* * *

ಚರ್ಚಿನಲ್ಲಿ ಬೆಂಚುಗಳು ತುಂಬಿ ಜನ ಗೋಡೆಗುಂಟ ನಿಂತಿದ್ದರು. ಎಷ್ಟೋ ವರ್ಷ ಅವರು ಬಾರಿಸಿದ ಗಂಟೆಗೆ ಓಡೋಡಿ ಬಂದವರು, ಈಗ ತಲೆ ನರೆತವರು. ಹಳೆಯ ಅಭ್ಯಾಸವೋ ಏನೋ, ಯಾರೂ ತಡವಾಗಿ ಬಂದಿರಲಿಲ್ಲ.

“ನಾನೊಂದ್ಸಲ ಕೇಳ್ದೆ,” ಫಾದರ್ ಹೇಳುತ್ತಿದ್ದರು, “‘ಪಾಸು ಮಾಡಪ್ಪಾ ಅಂತ ದೇವರನ್ನ ಬೇಡ್ಕೋತೀರಾ?’ ಅಂತ. ‘ಛೆ, ಅದು ವಶೀಲಿ ಆಗುತ್ತೆ ಫಾದರ್. ಕೂತು ಓದೋ ಮನಸ್ಸು ಕೊಡು ಅಂತ ಮಾತ್ರ ಕೇಳ್ತೀನಿ’ ಅಂದ್ರು. ಯೇಸು ಹೇಳಿದ ಕತೆ ನೆನಪಿದೆಯಲ್ಲ? ಐದು ತಲಾಂತು ಹಣ ಸಿಕ್ಕಿದ ಆಳನ್ನೂ ಎರಡು ಸಿಕ್ಕಿದ ಆಳನ್ನೂ, ದುಡಿದು ಅದನ್ನ ಎರಡರಷ್ಟು ಮಾಡಿದ್ದಕ್ಕೆ, ಯಜಮಾನ ಒಂದೇ ಮಾತಲ್ಲಿ ಹೊಗಳಿದ. ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿ ಅಳೀಲಿಲ್ಲ.”

ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಹೆಡ್‌ಮಾಸ್ಟರು ಅವಳನ್ನು ಸನ್ನೆ ಮಾಡಿ ಕರೆದರು. ಅವಳಿಗಿಂತ ಚಿಕ್ಕವರು, ಅದೇ ಶಾಲೆಯಲ್ಲಿ ಓದಿ ಅದೇ ಶಾಲೆಗೆ ಹೆಡ್‌ಮಾಸ್ಟರಾದವರು. ಕೈಯಲ್ಲಿ ಫೋನು ಇತ್ತು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಮೂವತ್ತೊಂದು ಅಕ್ಕಾ. ನಾಲ್ಕೇ ನಾಲ್ಕು ಕಮ್ಮಿ.” ಅವರು ಕಣ್ಣೊರೆಸಿಕೊಂಡರು. “ನನ್ನ ಮಾತು ಕೇಳಿ. ಪಾಸು ಅಂದ್ಬಿಡಿ. ರಿಜಿಸ್ಟರ್ ನಂಬರ್ ಇರೋದು ನನ್ನ ಹತ್ರ, ಯಾರು ಹೋಗಿ ನೋಡ್ತಾರೆ? ಸತ್ತವರಿಗೆ ಒಂದು ಒಳ್ಳೇ ಮಾತು. ಇಷ್ಟು ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರೆ.”

ಅವಳಿಗೆ ಆಸೆಯಾಯಿತು. ಸುಳ್ಳು ಹೇಳುವ ಆಸೆಯಲ್ಲ, ತುಟಿಯಂಚಿನಲ್ಲಿ ನಕ್ಕವರ ಬಾಯಿ ಮುಚ್ಚಿಸುವ ಆಸೆ. ಆಗಲಿ ಎಂಬಂತೆ ತಲೆಯಾಡಿಸಿ ಒಳಗೆ ಬಂದಳು.

ಪೆಟ್ಟಿಗೆ ಇನ್ನೂ ತೆರೆದೇ ಇತ್ತು. ಅಪ್ಪನ ಮುಖ ಗೋಡೆಯ ಕಡೆ ಒಂದಿಷ್ಟು ವಾಲಿತ್ತು. ದಿಂಬು ಸರಿಯಾಗಿ ಇಟ್ಟಿರಲಿಲ್ಲ, ಅಷ್ಟೇ. ಆದರೂ ಅವಳಿಗೆ ಬರೆದು ತಂದ ಚೀಟಿ ಓದಲಾಗಲಿಲ್ಲ.

“ಅಪ್ಪನ ರಿಸಲ್ಟು ಬಂದಿದೆ,” ಅಂದಳು.

ಹೆಡ್‌ಮಾಸ್ಟರು ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಂಡರು.

“ಫೇಲು.”

ಯಾರೋ ಲೊಚಗುಟ್ಟಿದರು.

“ಮೂವತ್ತೊಂದು ಬಂದಿದೆ. ಹೋದ ಸಲ ಇಪ್ಪತ್ತೆಂಟು ಬಂದಿತ್ತು. ಮೊದಲನೇ ಸಲ ನಾನು ಅಪ್ಪನಿಗೆ ನನ್ನ ಪೇಪರು ತೋರಿಸ್ದೆ. ಪ್ರೀತಿಯಿಂದ ಅಲ್ಲ, ನನಗೆ ನಾಚಿಕೆ ಆಗ್ತಿತ್ತು, ಅದಕ್ಕೆ. ಅಪ್ಪ ನೋಡಲಿಲ್ಲ. ಈಗಲೂ ಪಾಸು ಅಂತ ಹೇಳೋಣ ಅಂತಾನೇ ಎದ್ದು ಬಂದೆ.” ಅವಳು ಚೀಟಿಯನ್ನು ಮಡಿಚಿಟ್ಟಳು. “ಬೇಡ. ಮೂವತ್ತೊಂದೂ ಅವರದ್ದೇ. ಒಂದಂಕವೂ ಬೇರೆಯವರದ್ದಲ್ಲ.”

ಮುಂದಿನ ಬೆಂಚಿನಿಂದ ಅತ್ತೆ, ಕಿವಿ ಮಂದವಾದವರು ಮಾತಾಡುವಷ್ಟು ಜೋರಾಗಿ ಕೇಳಿದರು: “ಅಂದ್ರೆ, ಹೋದ ಸಲಕ್ಕಿಂತ ಮೂರು ಜಾಸ್ತಿ ಬಂತಾ?”

“ಹೂಂ ಅತ್ತೆ. ಮೂರು ಜಾಸ್ತಿ.”

“ಮತ್ತೆ ಅದನ್ನ ಮೊದಲು ಹೇಳಬಾರದಾ!”

ಇಡೀ ಚರ್ಚು ನಕ್ಕಿತು. ನಗುತ್ತಲೇ ಅರ್ಧ ಜನ ಅತ್ತರು. ಅತ್ತೆ ಎದ್ದು ಬಂದು ಅಣ್ಣನ ಶಾಯಿ ಬೆರಳನ್ನು ಮೇಲಕ್ಕೆ ಕಾಣುವ ಹಾಗೆ ಇಟ್ಟು, ದಿಂಬು ಸರಿಮಾಡಿದರು. ಆಮೇಲೆ ಪೆಟ್ಟಿಗೆ ಮುಚ್ಚಿದರು.

* * *

ಮಣ್ಣು ಮಾಡಿ ಬಂದು, ಬಂದವರೆಲ್ಲ ಹೋದ ಮೇಲೆ ಮಗಳು ಅಪ್ಪನ ಪೆನ್ನು ಹುಡುಕಿ ತೆಗೆದುಕೊಂಡು ಅಡುಗೆಮನೆ ಬಾಗಿಲಿಗೆ ಹೋದಳು. ಅಮ್ಮ ಹೊಲಿಗೆ ಡಬ್ಬಿಯಿಂದ ಟೇಪು ತಂದರು.

ಒಂದು ಕಡೆ ಅವಳ ಗೆರೆಗಳು, ಹದಿನಾರನೇ ವಯಸ್ಸಿಗೆ ನಿಂತಿದ್ದವು. ಎದುರು ಅಪ್ಪನ ಹದಿಮೂರು ಗೆರೆಗಳು. ಕೆಲವು ಹಿಂದಿನದಕ್ಕಿಂತ ಕೆಳಗಿದ್ದವು, ಅವನ್ನೂ ಅಪ್ಪ ಅಳಿಸಿರಲಿಲ್ಲ. ತಾವೇ ಬಗ್ಗಿ ಎಳೆದದ್ದರಿಂದ ಎಲ್ಲವೂ ಸೊಟ್ಟ. ಇಪ್ಪತ್ತೆಂಟರ ಮೇಲೆ ಮರ ಖಾಲಿ ಇತ್ತು.

ಅಮ್ಮ ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದರು. ಅವಳು ಮೊಣಕಾಲೂರಿ ಟೇಪನ್ನು ಬಿಗಿಯಾಗಿ ಎಳೆದು ಪೆನ್ನು ಇಟ್ಟಳು.

“ಸರಿಯಾಗಿ ನೋಡು,” ಅಂದರು ಅಮ್ಮ. “ಜಾಸ್ತಿ ಆದ್ರೆ ಅವರು ಒಪ್ಪಲ್ಲ.”

ಅವಳು ಪೆನ್ನನ್ನು ಕೂದಲೆಳೆಯಷ್ಟು ಕೆಳಗಿಳಿಸಿ ಗೆರೆ ಎಳೆದಳು.