ತಡವಾಗಿ ಬಂದ ಕೂಗು

ನಮ್ಮ ಪೋವುವಾ ಊರಿನ ಬೆಸ್ತರಲ್ಲಿ ಮನೆತನದ ಗುರುತು ಕೆತ್ತಿದ ದೋಣಿ ಕಿರಿಯ ಮಗನಿಗೇ ಸೇರಬೇಕು. ಹಾಗೆ ಅಪ್ಪನ ದೋಣಿ ನನ್ನ ತಮ್ಮ ಜಸಿಂತುವಿಗೆ ಬಂತು. ಅಮ್ಮನ ಪಾದದ ಕಾಯಿಲೆಯೂ ಅವನ ರಕ್ತಕ್ಕೇ ಇಳಿದಿತ್ತು, ನನ್ನನ್ನು ಬಿಟ್ಟಿತ್ತು. ಅದು ಪಾದದ ನರಗಳನ್ನು ತಿನ್ನುತ್ತಾ ಮೇಲಕ್ಕೆ ಹತ್ತುವ ಕಾಯಿಲೆ. ಪಾದಕ್ಕೆ ಬಿಸಿ ತಿಳಿಯದ್ದರಿಂದ ಕಾಲು ತೊಳೆಯುವ ಮುನ್ನ ಅಮ್ಮ, "ನೀರು ನೋಡೇ" ಎಂದು ನನ್ನನ್ನು ಕರೆಯುತ್ತಿದ್ದಳು. ಕೊನೆಗೆ ಚಮಚವನ್ನೂ ಹಿಡಿಯಲಾರದೆ ಹೋದಳು. ಈಗ ಔಷಧಿಯಿದೆ. ಆದರೆ ಕಾಯಿಲೆ ಶುರುವಾಗಿದೆ ಎಂದು ಖಚಿತವಾದರೆ ಮಾತ್ರ ಕೊಡುತ್ತಾರೆ. ಬೇಗ ಸಿಕ್ಕಷ್ಟೂ ಒಳ್ಳೆಯದು.

ಜಸಿಂತು ಮಾತ್ರ, "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ" ಎನ್ನುತ್ತಿದ್ದ. ದೋಣಿ ಬಿಡಿಸಿಬಿಡುತ್ತಾರೆ ಎಂಬ ಹೆದರಿಕೆ ಅವನಿಗೆ. ಆಸ್ಪತ್ರೆಯಲ್ಲಿ ಪಾದಕ್ಕೆ ಬಿಸಿ, ತಣ್ಣಗಿನ ಲೋಹ ಮುಟ್ಟಿಸಿದರೆ ಮುಚ್ಚಿದ ರೆಪ್ಪೆಯ ಸಂದಿಯಿಂದ ಯಾವ ತುಂಡೆಂದು ನೋಡಿ ಸರಿಯಾಗಿಯೇ ಹೇಳುತ್ತಿದ್ದ. ಕಳ್ಳ!

ಡಾಕ್ಟರ್ ಫಿಲೊಮೆನಾಗೆ ಸಾಕಾಯಿತು. "ನಿನ್ನ ಬಾಯಿ ಬೇಡಪ್ಪ, ಚರ್ಮಾನೇ ಕೇಳ್ತೀನಿ. ತೊಡೆಯಿಂದ ಒಂದು ಚೂರು, ಪಾದದ ಗಂಟಿನ ಮೇಲಿಂದ ಒಂದು ಚೂರು. ಅದರಲ್ಲಿ ನರದ ಎಳೆ ಎಷ್ಟು ಉಳಿದಿದೆ ಅಂತ ಎಣಿಸ್ತೀವಿ."

"ಗಾಳ ಹಾಕೋನಿಗೇ ಗಾಳ ಹಾಕ್ತೀರಾ?" ಎಂದು ನಕ್ಕ.

ಮರಗಟ್ಟಿಸುವ ಸೂಜಿ ತೊಡೆಗೆ ಚುಚ್ಚಿದಾಗ ಹೌಹಾರಿದ. "ಅಯ್ಯಯ್ಯೋ, ನಿಧಾನ ಕಣಮ್ಮಾ!" ಆಮೇಲೆ ಸೂರು ನೋಡುತ್ತಾ ಬೂತಾಯಿ ಮೀನಿನ ಹರಟೆಗಿಳಿದ. ಅಷ್ಟರಲ್ಲಿ ಡಾಕ್ಟರ್ ಬಾಗಿ ಪಾದದ ಗಂಟಿನ ಮೇಲೂ ಸೂಜಿ ಚುಚ್ಚಿದರು, ತೆಗೆದರು. ಸೂಜಿ ತಟ್ಟೆಗೆ ಬಿದ್ದು ಟಣ್ ಎಂದಿತು.

"ಆಹ್! ಉರಿಯುತ್ತೆ!" ಎಂದು ಜಸಿಂತು ಆಗ ಕೂಗಿದ.

ಡಾಕ್ಟರ್ ತಟ್ಟೆಯಲ್ಲಿದ್ದ ಸೂಜಿಯನ್ನು ನೋಡಿದರು. ಅವನು ನನ್ನ ಮುಖ ನೋಡಿದ. ನಮಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು.

ಕೆಲವು ವಾರಗಳ ನಂತರ ಫಲಿತಾಂಶ ಬಂತು. ತೊಡೆಯ ಎಳೆಗಳು ಚೆನ್ನಾಗಿದ್ದವು. ಕೆಳಗಿನ ಚೂರಿನಲ್ಲಿ ಹೆಚ್ಚುಕಡಿಮೆ ಒಂದೂ ಉಳಿದಿರಲಿಲ್ಲ.

"ಬೇಗ ಸಿಕ್ತು, ಪುಣ್ಯ" ಎಂದರು ಡಾಕ್ಟರ್. "ಔಷಧಿ ಶುರು ಮಾಡೋಣ. ಮುಂದಿನ ವರ್ಷ ಪಕ್ಕದಲ್ಲೇ ಇನ್ನೊಂದು ಚೂರು ತೆಗೆದು, ಕಾಯಿಲೆ ಅಲ್ಲೇ ನಿಂತಿದೆಯಾ ನೋಡೋಣ."

"ದೋಣಿ?"

"ಸದ್ಯಕ್ಕೆ ಹೋಗು. ಬರಿಗಾಲಲ್ಲಿ ಮಾತ್ರ ಬೇಡ."

ದಾರಿಯುದ್ದಕ್ಕೂ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮನೆಗೆ ಬಂದವನೇ ಜಸಿಂತು ಒಲೆಯ ಮೇಲಿದ್ದ ನೀರನ್ನು ಬೋಗುಣಿಗೆ ಸುರಿದುಕೊಂಡು, ಬೂಟು ಕಳಚಿ, ಒಂದು ಕಾಲೆತ್ತಿ ಹಾಗೇ ನಿಂತ.

"ಅಕ್ಕಾ, ಸ್ವಲ್ಪ ನೀರು ನೋಡೇ."

ಕೈ ಅದ್ದಿದೆ. ಸುಡುತ್ತಿತ್ತು.